ಇಪ್ಪತ್ತು ಟನ್ ಗ್ಯಾಸಿನ ಹೊಣೆಗಾರ

ಬಿಳಿ ಹೆಲ್ಮೆಟ್ಟು ದಾರ್ಮುಜಿಯ ತಲೆಗೆ ಬರಬೇಕಾದದ್ದೇ ಅಲ್ಲ. ಜಾವಾದ ಕಾಲಿದುವುರ್ ಬೀದಿಯ ಲಿಮುನ್ ಕಾರ್ಖಾನೆಯಲ್ಲಿ, ಅಂದರೆ ಗಾಜಿನ ಬಾಟಲಿಗೆ ಸಿಹಿ ಸೋಡಾ ತುಂಬುವ ಆ ಹಳೇ ಕಾರ್ಖಾನೆಯಲ್ಲಿ, ಬಿಳಿಯದು ಇಂಜಿನಿಯರುಗಳಿಗೆ, ಹಳದಿಯದು ಮಿಕ್ಕವರಿಗೆ ಎಂಬುದು ಈಗಿನ ಯಜಮಾನರ ತಂದೆಯ ಕಾಲದ ಕಟ್ಟಳೆ. ಆದರೆ ಉಳಿದಿದ್ದ ಒಂದೇ ಒಂದು ಹಳದಿ ಹೆಲ್ಮೆಟ್ಟಿನಲ್ಲಿ ಕಾವಲುಗಾರನ ಕೋಳಿ ಕಾವಿಗೆ ಕೂತಿತ್ತು. ಏಳು ಮೊಟ್ಟೆಯ ತಾಯಿಯನ್ನು ಎಬ್ಬಿಸುವ ಗಂಡಸು ಇಡೀ ಕಾರ್ಖಾನೆಯಲ್ಲಿ ಇರಲಿಲ್ಲವಾದ್ದರಿಂದ, ಇಪ್ಪತ್ತಾರು ವರ್ಷದಿಂದ ಉಗ್ರಾಣದಲ್ಲಿ ಬಿರಡೆಗಳನ್ನೂ ಸಕ್ಕರೆ ಮೂಟೆಗಳನ್ನೂ ಕಾಯುತ್ತಿದ್ದ ದಾರ್ಮುಜಿಗೆ ಆ ಮಂಗಳವಾರ ಬಿಳಿಯದನ್ನೇ ಕೊಟ್ಟರು. ಜೊತೆಗೊಂದು ಕಾಗದ ಕೊಟ್ಟರು. ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಸ್ಥಳದ ಹೊಣೆಗಾರ' ಎಂದಿತ್ತು.

ಹೊಣೆ ಯಾವುದರದು ಎಂದರೆ ಹೊಸ ಟ್ಯಾಂಕಿನದು. ಅಲ್ಲಿಯತನಕ ಸೋಡಾದ ಗುಳ್ಳೆಗೆ ಬೇಕಾದ ಗ್ಯಾಸು ಉದ್ದುದ್ದ ಸಿಲಿಂಡರುಗಳಲ್ಲಿ ಬರುತ್ತಿತ್ತು. ಈಗ ಒಂದು ಬಸ್ಸಿನಷ್ಟು ಉದ್ದದ, ಇಪ್ಪತ್ತು ಟನ್ ಹಿಡಿಯುವ ಬಿಳಿ ಟ್ಯಾಂಕು ಕಾರ್ಖಾನೆಯ ಅಂಗಳದ ಕಾಂಕ್ರೀಟ್ ಕಟ್ಟೆಯ ಮೇಲೆ ಬಂದು ಮಲಗಿತ್ತು. ಶನಿವಾರ ಅದಕ್ಕೆ ಮೊದಲ ಸಲ ದ್ರವ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಚಾಲೂ ಮಾಡುವುದೆಂದು ನಿಶ್ಚಯವಾಗಿತ್ತು. ದಾರ್ಮುಜಿ ಮಾಡಬೇಕಾದ ಕೆಲಸಗಳನ್ನು ಕಾಗದದಲ್ಲಿ ವಿವರವಾಗಿಯೇ ಬರೆದಿದ್ದರು: ಅಂಗಳ ಗುಡಿಸಿಸುವುದು, ಗೇಟು ನೋಡಿಕೊಳ್ಳುವುದು, ಸುರಬಾಯಾದಿಂದ ಬರುವ ಇಂಜಿನಿಯರಿಗೆ ಹೊತ್ತುಹೊತ್ತಿಗೆ ಚಹಾ ಕೊಡಿಸುವುದು, ಅಕ್ಕಪಕ್ಕದ ಮನೆಗಳವರ ತಕರಾರಿಲ್ಲವೆಂದು ಬೀದಿಯ ಮುಖಂಡನಿಂದ ಮೊಹರು ಹಾಕಿಸುವುದು. ದಾರ್ಮುಜಿ ಇವನ್ನೆಲ್ಲ ಓದಲಿಲ್ಲವೆಂದಲ್ಲ. ಆದರೆ ಮನುಷ್ಯನ ಕಣ್ಣು ತಲೆಬರಹದ ಮೇಲೆ ನಿಂತಷ್ಟು ಹೊತ್ತು ಕೆಳಗಿನ ಸಾಲುಗಳ ಮೇಲೆ ನಿಲ್ಲುವುದಿಲ್ಲ. ಹೊಣೆಗಾರನಾದ ಮೇಲೆ ಒಂದು ಬೋರ್ಡನ್ನಾದರೂ ಬರೆಸಬೇಡವೇ ಎಂದು ಅವನಿಗೆ ಅನ್ನಿಸಿತು. ಯಾರೂ ಹೇಳದೆ, ಯಾರನ್ನೂ ಕೇಳದೆ, ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ತಾನೇ ಬರೆದ: 'ಅಪಾಯ. ಗ್ಯಾಸ್ ಇದೆ. ಬೆಂಕಿ ತರಬೇಡಿ.' ಅದನ್ನು ಬೀದಿಗೆ ಕಾಣುವ ಹಾಗೆ ಗೇಟಿಗೆ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಿಪಟ್ಟ.

ಸಂಜೆ ಹೆಲ್ಮೆಟ್ಟನ್ನು ಉಗ್ರಾಣದಲ್ಲಿ ಬಿಟ್ಟು ಹೋಗಬೇಕಿತ್ತು. ಬಿಡಲಿಲ್ಲ. ಗದ್ದದ ಕೆಳಗೆ ಪಟ್ಟಿ ಬಿಗಿದುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಸೈಕಲ್ಲೇರಿದ.

ಬೀದಿಗೆ ಅಡುಗೆ ಗ್ಯಾಸ್ ಮಾರುವ ಜೆಮಿಂಗಾನನ ಅಂಗಡಿಯ ಮುಂದೆ ಆ ಹೊತ್ತಿಗೆ ಹನ್ನೆರಡು ಮಂದಿ ಹೆಂಗಸರು ಖಾಲಿ ಅಡುಗೆ ಸಿಲಿಂಡರು ಮುಂದಿಟ್ಟುಕೊಂಡು ಕೂತಿದ್ದರು. ಮೂರು ಕಿಲೋದ ಹಸಿರು ಸಿಲಿಂಡರು; ಕರಬೂಜದ ಹಾಗೆ ಗುಂಡಗಿದೆಯೆಂದು ಎಲ್ಲರೂ ಅದನ್ನು ಮೆಲೊನ್ ಎನ್ನುವುದು. ಐದು ದಿನದಿಂದ ಬೀದಿಗೆ ಒಂದೇ ಒಂದು ತುಂಬಿದ ಮೆಲೊನ್ ಬಂದಿರಲಿಲ್ಲ. ಜೆಮಿಂಗಾನ್ ದಿನಕ್ಕೆರಡು ಸಲ ಏಜೆನ್ಸಿಗೆ ಫೋನು ಮಾಡಿ 'ನಾಳೆ ಅಂತೆ' ಎಂದು ಸಾರುತ್ತಿದ್ದ. ಮನೆಮನೆಯಲ್ಲೂ ತೆಂಗಿನ ಸಿಪ್ಪೆ ಉರಿಸಿ ಉರಿಸಿ ಇಡೀ ಬೀದಿಯ ಕಣ್ಣು ಕೆಂಪಾಗಿತ್ತು. ಎಲ್ಲರಿಗಿಂತ ಮುಂದೆ ಏಳು ಖಾಲಿ ಮೆಲೊನ್ ಇಟ್ಟುಕೊಂಡು ಕೂತವಳು ಬು ಸುಪಿಯಾ; ಅಲ್ಲಿ ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎಂದು ಕರೆಯುವುದು ಮರ್ಯಾದೆ. ಭಾನುವಾರ ಆಕೆಯ ಮಗಳ ಮದುವೆ. ನಾನೂರು ಜನರ ಊಟ. ಹೋರಿಯ ಮಾಂಸ ಆಗಲೇ ಮಾತಾಗಿತ್ತು.

"ಪಾಕ್ ದಾರ್ಮುಜಿ, ತಲೆಗೇನಾಯ್ತು?" ಎಂದಳು ಬು ಸುಪಿಯಾ.

"ಏನೂ ಆಗಿಲ್ಲ ಬು. ಕೆಲಸದ್ದು."

"ಬಿಳೀದು ದೊಡ್ಡೋರು ಹಾಕ್ಕೊಳ್ಳೋದಲ್ವಾ?"

ದಾರ್ಮುಜಿ ಒಂದು ಕಾಲು ನೆಲಕ್ಕೂರಿ ನಿಂತ. "ಕಾರ್ಖಾನೆಗೆ ಹೊಸ ಟ್ಯಾಂಕ್ ಬಂದಿದೆ. ಅದಕ್ಕೆ ನಾನೇ ಹೊಣೆ. ಇಪ್ಪತ್ತು ಟನ್."

"ಇಪ್ಪತ್ತು ಟನ್ ಏನು?"

ಇಲ್ಲಿ ಅವನು 'ಕಾರ್ಬನ್ ಡೈಆಕ್ಸೈಡ್' ಎನ್ನಬೇಕಿತ್ತು. ಬೆಳಗಿನಿಂದ ನಾಲ್ಕು ಸಲ ಅಂದು ನೋಡಿದ್ದ. ನಾಲ್ಕು ಸಲವೂ ನಾಲಿಗೆ 'ಡೈ' ಹತ್ತಿರ ಎಡವಿತ್ತು. ಹನ್ನೆರಡು ಹೆಂಗಸರ ಎದುರು, ಅದೂ ಬಿಳಿ ಹೆಲ್ಮೆಟ್ಟಿನಲ್ಲಿ, ಎಡವುವುದುಂಟೆ?

"ಗ್ಯಾಸ್," ಎಂದು ಪೆಡಲ್ ತುಳಿದ.

ಅವನ ಬೆನ್ನ ಹಿಂದೆ ಹನ್ನೆರಡು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಅವನಿಗೆ ಕಾಣಲಿಲ್ಲ. ಹೆಲ್ಮೆಟ್ಟು ಹಾಕಿಕೊಂಡವನಿಗೆ ಹಿಂದಕ್ಕೆ ಕತ್ತು ತಿರುಗಿಸುವುದು ಕಷ್ಟ.

ಕಾಲಿದುವುರಿನವರು ಮರ್ಯಾದಸ್ಥರು. ಬೇಕಾದ್ದನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳುವವರಲ್ಲ. ಬುಧವಾರ ಬೆಳಿಗ್ಗೆ ಬು ಸುಪಿಯಾ ಒಂದು ಬಾಳೆಗೊನೆ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಜೆಮಿಂಗಾನ್ ಲವಂಗದ ಸಿಗರೇಟಿನ ಎರಡು ಪ್ಯಾಕು ತಂದು, "ಹೀಗೇ ಬಂದೆ" ಎಂದು ಇಟ್ಟು, ಹೀಗೇ ಹೋದ. ಮೂಲೆಮನೆಯವರು ಕೆರೆಯ ಲೇಲೆ ಮೀನು ತಂದರು. ಎದುರುಮನೆಯವರೂ ಲೇಲೆ ಮೀನನ್ನೇ ತಂದರು. ಸಂಜೆಗೆ ದಾರ್ಮುಜಿಯ ಅಡುಗೆಮನೆಯ ಬಾನಿಯಲ್ಲಿ ಹದಿನಾಲ್ಕು ಮೀನು ಮೀಸೆ ಅಲ್ಲಾಡಿಸಿಕೊಂಡು ಈಜುತ್ತಿದ್ದವು.

"ಪಾಕ್ನೆ, ಇದೆಲ್ಲ ಯಾಕೆ ಬರ್ತಿದೆ?" ಎಂದಳು ಹೆಂಡತಿ ತುಮಿಯೆಮ್.

"ಗೌರವ, ಬೂನೆ. ಇಪ್ಪತ್ತಾರು ವರ್ಷ ಆದ್ಮೇಲೆ ಜನಕ್ಕೆ ಕಣ್ಣು ಬಂದಿದೆ."

"ಗೌರವಕ್ಕೆ ಇಷ್ಟೊಂದು ಮೀನು ಯಾಕೆ?"

ದಾರ್ಮುಜಿ ಬಾಳೆಹಣ್ಣು ಸುಲಿದ. ಗೌರವವನ್ನು ಎಣಿಸಬಾರದು ಎಂಬುದು ಅವನ ಅಭಿಪ್ರಾಯ.

ನಿಜವಾದ ಸುದ್ದಿ ಅವನಿಗೆ ತಿಳಿದದ್ದು ಗುರುವಾರ, ಅದೂ ಸ್ವಂತ ಹೆಂಡತಿಯಿಂದ. ತುಮಿಯೆಮ್ ಹೊಗೆಯ ಮಧ್ಯದಿಂದ ಎದ್ದುಬಂದವಳು, ಖಾಲಿ ಮೆಲೊನನ್ನು ಅವನ ಕಾಲ ಬುಡದಲ್ಲಿ ಠಣ್ಣೆಂದು ಇಟ್ಟಳು.

"ಊರಿಗೆಲ್ಲ ತುಂಬಿಸಿ ಕೊಡ್ತೀರಂತೆ. ಮೊದಲು ಮನೇದು ತುಂಬಿಸಿ. ಇಲ್ಲದಿದ್ರೆ ನಿಮ್ಮ ಗೌರವಾನ ನೀವೇ ಹಸಿಹಸಿ ತಿನ್ನಿ."

"ಏನು ತುಂಬಿಸ್ತೀನಂತೆ?"

"ಗ್ಯಾಸು. ಶನಿವಾರ ಕಾರ್ಖಾನೆ ಗೇಟಿನ ಹತ್ರ. ನನ್ನ ಗಂಡ ಹಂಚ್ತಾನೆ ಅಂತ ನನಗೆ ಎದುರುಮನೆಯವಳು ಹೇಳ್ಬೇಕು. ಎಷ್ಟು ಚೆನ್ನಾಗಿದೆ ನೋಡಿ."

ದಾರ್ಮುಜಿ ಎದ್ದು ನಿಂತ. ಹೊರಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಏನನ್ನಾದರೂ ಹೇಳಬೇಕೆಂದು ಬಾಗಿಲು ತೆರೆದ. ಬಾಗಿಲಲ್ಲಿ ಪಾಕ್ ಕಸ್ತೂರಿ ನಿಂತಿದ್ದ.

ಪಾಕ್ ಕಸ್ತೂರಿ ಆ ಬೀದಿಯ ನಲವತ್ತಮೂರು ಮನೆಗಳ ಮುಖಂಡ. ಅಂಚೆಯಲ್ಲಿದ್ದು ನಿವೃತ್ತನಾದವನು, ಪಟ್ಟಿ ಮಾಡದ ಯಾವ ಸಂಗತಿಯನ್ನೂ ನಂಬುತ್ತಿರಲಿಲ್ಲ, ಪಟ್ಟಿ ಮಾಡಿದ ಯಾವ ಸಂಗತಿಯನ್ನೂ ಬಿಡುತ್ತಿರಲಿಲ್ಲ. ಈಗ ಅವನ ಕೈಯಲ್ಲಿ ನಲವತ್ತಮೂರು ಹೆಸರಿನ ಪಟ್ಟಿಯಿತ್ತು. ಪ್ರತಿ ಹೆಸರಿನ ಮುಂದೆ ಗುರುತಿನ ಚೀಟಿಯ ಸಂಖ್ಯೆ, ಸಿಲಿಂಡರಿನ ಲೆಕ್ಕ. ಮದುವೆ ಮನೆಗೆ ಏಳು, ಮಸೀದಿಗೆ ಎರಡು, ಮಿಕ್ಕವರಿಗೆ ಒಂದೊಂದು.

"ನಿಮಗೆ ತೊಂದರೆ ಆಗ್ಬಾರದು ಅಂತ ಸರದಿ ನಾನೇ ಹಾಕಿದ್ದೀನಿ ಪಾಕ್," ಎಂದ, ಕೂತು, ಚಹಾ ಕುಡಿದು, ಮಳೆಯ ವಿಷಯ ಮಾತಾಡಿ, ಲೇಲೆ ಮೀನುಗಳ ಕ್ಷೇಮ ವಿಚಾರಿಸಿದ ಮೇಲೆ.

"ಪಾಕ್ ಕಸ್ತೂರಿ, ಇದು ಆ ಗ್ಯಾಸ್ ಅಲ್ಲ."

"ಯಾವ ಗ್ಯಾಸ್ ಅಲ್ಲ?"

"ಅಡುಗೆ ಗ್ಯಾಸ್ ಅಲ್ಲ. ಇದು ಬೇರೆ. ಲಿಮುನ್ ಒಳಗೆ ಗುಳ್ಳೆ ಬರುತ್ತಲ್ಲ, ಅದು. ನಾವು ಉಸಿರು ಬಿಡ್ತೀವಲ್ಲ, ಬಾಯಿಂದ, ಅದೇ ಗ್ಯಾಸು."

ಪಾಕ್ ಕಸ್ತೂರಿ ಲೋಟ ಕೆಳಗಿಟ್ಟ. ಮೂವತ್ತು ವರ್ಷ ಊರಿನ ಪತ್ರ ಹಂಚಿದವನನ್ನು ಇಷ್ಟು ಸುಲಭವಾಗಿ ಏಮಾರಿಸಬಹುದೆಂದು ಒಬ್ಬ ಉಗ್ರಾಣದವನು ತಿಳಿದನಲ್ಲ ಎಂಬ ನೋವು ಅವನ ಮೀಸೆಯ ತುದಿಯವರೆಗೂ ಹರಡಿತು.

"ಜನ ಬಾಯಿಂದ ಬಿಡೋ ಉಸಿರನ್ನ ನಿಮ್ಮ ಯಜಮಾನರು ಲಾರಿಯಲ್ಲಿ ತರಿಸ್ತಾರಾ? ಇಪ್ಪತ್ತು ಟನ್ನು? ಇಲ್ಲಿ ನಲವತ್ತಮೂರು ಮನೆಯವರು ಬಿಟ್ಟಿಯಾಗಿ ಬಿಡ್ತಾ ಇಲ್ವಾ?"

"ಅಲ್ಲ, ಅದು ಹಾಗಲ್ಲ—"

"ಪಾಕ್ ದಾರ್ಮುಜಿ, ಸಕ್ಕರೆ ನೀರಿಗೆ ಗ್ಯಾಸು, ನಮ್ಮ ಹೆಣ್ಣುಮಕ್ಕಳ ಒಲೆಗೆ ತೆಂಗಿನ ಸಿಪ್ಪೆ. ಆಗ್ಲಿ. ನಾನೇನೂ ಅನ್ನೋದಿಲ್ಲ. ಆದ್ರೆ ಬಾಳೆಗೊನೆ ಇಳಿಸ್ಕೊಳ್ಳೋವಾಗ ಇದು ಬೇರೆ ಗ್ಯಾಸು ಅಂತ ನಿಮಗೆ ನೆನಪಾಗಲಿಲ್ಲ."

ಗೊನೆಯಲ್ಲಿ ಆಗಲೇ ಎರಡೇ ಹಣ್ಣು ಉಳಿದಿದ್ದವು.

ಶುಕ್ರವಾರ ನಮಾಜು ಮುಗಿಸಿ ಹೊರಬಂದಾಗ ದಾರ್ಮುಜಿಯ ಚಪ್ಪಲಿ ಇದ್ದ ಜಾಗದಲ್ಲೇ ಇತ್ತು, ಆದರೆ ಅದರ ಸುತ್ತ ಒಂದು ಗಜ ಯಾರ ಚಪ್ಪಲಿಯೂ ಇರಲಿಲ್ಲ. 'ಇಪ್ಪತ್ತು ಟನ್ ಮುಚ್ಚಿಟ್ಟೋನು' ಎಂದು ಯಾರೋ ಅಂದರು; ಅಂದವರು ಯಾರೆಂದು ನೋಡಲು ತಿರುಗಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಬು ಸುಪಿಯಾ ಗೊನೆ ವಾಪಸು ಬೇಕೆಂದು ಹೇಳಿಕಳಿಸಿದಳು. ತುಮಿಯೆಮ್ ಉಳಿದ ಎರಡು ಹಣ್ಣುಗಳನ್ನು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಬೀದಿಯ ಈ ತುದಿಯಿಂದ ಆ ತುದಿಗೆ ತಾನೇ ನಡೆದು ಕೊಟ್ಟುಬಂದಳು. ಬಂದವಳು ಗಂಡನ ಜೊತೆ ಮಾತಾಡಲಿಲ್ಲ. ದಾರ್ಮುಜಿಗೆ ಸಿಟ್ಟು ಬಂದದ್ದು ಆಗ. ತಾನು ಹೇಳಿದ್ದು ಒಂದೇ ಒಂದು ಶಬ್ದ, ಅದೂ ಸುಳ್ಳಲ್ಲ. ಗ್ಯಾಸನ್ನು ಗ್ಯಾಸ್ ಅನ್ನದೆ ಇನ್ನೇನು ಅನ್ನಬೇಕಿತ್ತು?

ಶನಿವಾರ ಬೆಳಿಗ್ಗೆ ಏಳಕ್ಕೆ ಇಂಜಿನಿಯರು ಬಂದಳು. ಹೆಸರು ತಿಯುರ್ಮಾ, ಕೆಲಸ ಸುರಬಾಯಾದಲ್ಲಿ, ಹುಟ್ಟಿದ್ದು ದೂರದ ಮೇದಾನ್ ಕಡೆ, ನೇರ ಮಾತಿಗೆ ಹೆಸರಾದ ಬಾತಕ್ ಜನರ ಮನೆಯಲ್ಲಿ. ಜಾವಾದವರು ಒಂದು ಮಾತಿಗೆ ಹೊದಿಸುವ ಮೂರು ಹೊದಿಕೆಗಳಲ್ಲಿ ಒಂದೂ ಆಕೆಯ ಹತ್ತಿರ ಇರಲಿಲ್ಲ. ಬಂದವಳೇ ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿದಳು, ಕವಾಟಗಳನ್ನು ಕೈಯಿಂದ ತಿರುಗಿಸಿ ನೋಡಿದಳು, ಆಮೇಲೆ ಗೇಟಿನ ಬೋರ್ಡನ್ನು ಓದಿದಳು.

"ಈ ದಡ್ಡತನ ಯಾರದ್ದು?"

"ಕಾರ್ಖಾನೆಯದು," ಎಂದ ದಾರ್ಮುಜಿ.

ಟ್ಯಾಂಕರ್ ಲಾರಿ ಎಂಟಕ್ಕೆ ಒಳಗೆ ಬಂತು. ಎರಡು ದಪ್ಪ ಕೊಳವೆಗಳನ್ನು ಟ್ಯಾಂಕಿಗೆ ಜೋಡಿಸಿದರು. ತಿಯುರ್ಮಾ ದಾರ್ಮುಜಿಯ ಕೈಗೆ ಕಾಗದ ಪೆನ್ನು ಕೊಟ್ಟು ಒತ್ತಡದ ಮುಳ್ಳಿನ ಮುಂದೆ ನಿಲ್ಲಿಸಿದಳು.

"ಮೊದಲು ಆವಿ, ಆಮೇಲೆ ದ್ರವ. ತಿಳೀತಾ ಪಾಕ್? ಖಾಲಿ ಟ್ಯಾಂಕಿಗೆ ನೇರ ದ್ರವ ಬಿಟ್ರೆ ಅದು ಒಳಗೇ ಹಿಮದ ಗಡ್ಡೆ ಕಟ್ಟಿ ಕೂತ್ಕೊಳ್ಳುತ್ತೆ. ಆಮೇಲೆ ನೀವು ಮತ್ತು ನಾನು ವಾರಗಟ್ಟಲೆ ಅದರ ಮುಖ ನೋಡ್ಕೊಂಡು ಕೂರಬೇಕು. ಐದು ನಿಮಿಷಕ್ಕೊಂದು ಸಲ ಮುಳ್ಳು ಎಲ್ಲಿದೆ ಅಂತ ಬರೀರಿ. ಬೇರೇನೂ ಮುಟ್ಟಬೇಡಿ."

ಮುಳ್ಳು ಮೆಲ್ಲಗೆ ಏರಿತು. ದಾರ್ಮುಜಿ ಬರೆದ. ಟ್ಯಾಂಕಿನೊಳಗಿನ ಹಳೇ ಗಾಳಿಯನ್ನು ಹೊರದೂಡುವ ಸಣ್ಣ ಕೊಳವೆಯಿಂದ ಬೆಳ್ಳಗೆ ಮಂಜು ಬಂತು, ಕವಾಟದ ಮೇಲೆ ಹಿಮದ ಪುಡಿ ಕೂತಿತು. ಇಪ್ಪತ್ತಾರು ವರ್ಷದಲ್ಲಿ ಕಾರ್ಖಾನೆಯಲ್ಲಿ ಇಷ್ಟು ಚೆಂದದ ಕೆಲಸವನ್ನು ಅವನು ಮಾಡಿರಲಿಲ್ಲ. ಎರಡು ದಿನದ ಅವಮಾನ ಮರೆಯುತ್ತ ಬಂತೆನ್ನುವಾಗ ಗೇಟಿನ ಕಡೆಯಿಂದ ಠಣ್ ಠಣ್ ಎಂದು ಸದ್ದು ಶುರುವಾಯಿತು.

ನಲವತ್ತಮೂರು ಮನೆಯವರೂ ಬಂದಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಮೆಲೊನ್. ಪಾಕ್ ಕಸ್ತೂರಿ ಪಟ್ಟಿ ಹಿಡಿದು, ಬಟ್ಟೆಯ ಟೋಪಿ ಇಟ್ಟುಕೊಂಡು ಮುಂದೆ ನಿಂತಿದ್ದ. ಜೆಮಿಂಗಾನ್ ಅಂಗಡಿಗೆ ಬೀಗ ಹಾಕಿ, ಸ್ವಂತ ಮೆಲೊನ್ ಹೊತ್ತು ಒಂಬತ್ತನೆಯವನಾಗಿ ನಿಂತಿದ್ದ. ಬು ಸುಪಿಯಾ ಏಳು ಮೆಲೊನುಗಳ ಜೊತೆಗೆ ಒಲೆಯನ್ನೂ ತಂದಿದ್ದಳು. ಕೊಡುವ ಗ್ಯಾಸಿನಲ್ಲಿ ನೀರು ಬೆರೆಸಿದ್ದಾರೋ ಏನೋ, ಅಲ್ಲೇ ಹಚ್ಚಿ ನೋಡಿ ಒಯ್ಯುವುದು ಆಕೆಯ ಉದ್ದೇಶ. ಕಾವಲುಗಾರ ಅವರನ್ನು ತಡೆದನೇ ಎಂದು ಕೇಳಬೇಡಿ. ಅವನ ಮೆಲೊನ್ ಹದಿನೇಳನೆಯದು.

"ಯಾರಿವರು?" ಎಂದಳು ತಿಯುರ್ಮಾ.

"ಬೀದಿಯವರು," ಎಂದ ದಾರ್ಮುಜಿ.

"ಇವರಿಗೆ ಏನು ಬೇಕು?"

"ಗ್ಯಾಸ್."

"ಇದನ್ನ ತಗೊಂಡು ಏನು ಮಾಡ್ತಾರೆ, ಒಲೆ ಆರಿಸ್ತಾರಾ? ಇವರಿಗೆ ಯಾರು ಹೇಳಿದ್ದು ಗ್ಯಾಸ್ ಕೊಡ್ತೀವಿ ಅಂತ?"

ಎಂಬತ್ತಾರು ಕಣ್ಣುಗಳು ಬಿಳಿ ಹೆಲ್ಮೆಟ್ಟಿನ ಕಡೆ ತಿರುಗಿದವು. ತಿಯುರ್ಮಾ ಕಾರ್ಖಾನೆಯ ಮೈಕು ತಂದು ಅವನ ಕೈಗಿಟ್ಟಳು. "ಹೇಳಿ. ನೀವೇ ಹೊಣೆಗಾರರಲ್ವಾ."

ದಾರ್ಮುಜಿ ಗಂಟಲು ಸರಿಮಾಡಿಕೊಂಡ. "ಬಂಧುಗಳೇ, ನೆರೆಹೊರೆಯವರೇ. ಈ ಟ್ಯಾಂಕಿನಲ್ಲಿ ಇರೋ ಗ್ಯಾಸು ಉರಿಯೋದಿಲ್ಲ."

ಪಾಕ್ ಕಸ್ತೂರಿ ಕೈಯೆತ್ತಿ ಬೋರ್ಡು ತೋರಿಸಿದ. ತೋರಿಸಿ, ಓದು ಬಾರದವರಿಗಾಗಿ ಗಟ್ಟಿಯಾಗಿ ಓದಿದ. "ಅಪಾಯ. ಗ್ಯಾಸ್ ಇದೆ. ಬೆಂಕಿ ತರಬೇಡಿ. ಉರಿಯಲ್ಲ ಅಂದ್ರೆ ಬೆಂಕಿ ತರಬೇಡಿ ಅಂತ ಯಾಕೆ ಬರೆದಿದ್ದಾರೆ ಪಾಕ್?"

"ಅದು ನಾನೇ ಬರೆದದ್ದು."

"ಬರೆಯೋವಾಗ ಉರೀತಿತ್ತು, ಈಗ ಉರಿಯಲ್ವಾ?"

"ಬಡವರು ಕೇಳೋಕೆ ಬಂದಾಗ ಗ್ಯಾಸು ಹೀಗೇ ಆರೋದು," ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

ಗುಜುಗುಜು ಎದ್ದಿತು. ತಿಯುರ್ಮಾ ಮೈಕು ಕಿತ್ತುಕೊಂಡಳು. "ನಂಬಿಕೆ ಇಲ್ಲ ಅಲ್ವಾ? ಒಲೆ ಹಚ್ಚಿ. ಇಲ್ಲೇ, ನನ್ನ ಮುಂದೆ."

ಬು ಸುಪಿಯಾ ಒಲೆಯನ್ನು ನೆಲದ ಮೇಲಿಟ್ಟು, ಏಳರಲ್ಲಿ ಒಂದರ ತಳದಲ್ಲಿ ಉಳಿದಿದ್ದ ಚೂರುಪಾರು ಗ್ಯಾಸಿಗೆ ಕಿಡಿ ಹೊತ್ತಿಸಿದಳು. ದೀಪದ ಕುಡಿಯಷ್ಟು ನೀಲಿ ಜ್ವಾಲೆ ಬಂತು. ಮದುವೆಯ ದಿನ ನೈವೇದ್ಯದ ಹಾಗೆ ಮೊದಲ ಅನ್ನಕ್ಕೆ ಇರಲೆಂದು ಉಳಿಸಿಕೊಂಡಿದ್ದ ಜ್ವಾಲೆ ಅದು. ತಿಯುರ್ಮಾ ಮಂಜು ಬರುತ್ತಿದ್ದ ಕೊಳವೆಯ ಕೆಳಗೆ ಬಕೆಟ್ಟು ಹಿಡಿದಳು, ತಂದಳು, ಒಲೆಯ ಮೇಲೆ ನೀರು ಸುರಿಯುವ ಹಾಗೆ ಬಗ್ಗಿಸಿದಳು. ಬಕೆಟ್ಟಿನಿಂದ ಕಣ್ಣಿಗೆ ಏನೂ ಬೀಳಲಿಲ್ಲ. ಜ್ವಾಲೆ ಒಮ್ಮೆ ಬಾಗಿತು, ಆರಿತು.

ಮುಂದಿದ್ದವರು ಬಗ್ಗಿ ಬಕೆಟ್ಟಿನೊಳಗೆ ನೋಡಿದರು.

"ನೋಡಿದ್ರಾ?" ಎಂದಳು ತಿಯುರ್ಮಾ. "ಇದು ಬೆಂಕಿ ಆರಿಸೋ ಗ್ಯಾಸು. ಈಗ ಒಲೆ ಮತ್ತೆ ಹಚ್ಚಿ, ಮನೆಗೆ ಹೋಗಿ."

ಬು ಸುಪಿಯಾ ಒಲೆಯ ಗುಂಡಿ ತಿರುಗಿಸಿದಳು. ಟಿಕ್ ಎಂದಿತು. ಇನ್ನೊಮ್ಮೆ. ಟಿಕ್. ಜೆಮಿಂಗಾನ್ ಬಂದು ಬಗ್ಗಿ ತಿರುಗಿಸಿದ. ಪಾಕ್ ಕಸ್ತೂರಿ ಬೆಂಕಿಕಡ್ಡಿ ಗೀರಿ ಹಿಡಿದ. ಕಡ್ಡಿ ಉರಿದು ಅವನ ಬೆರಳು ಸುಟ್ಟಿತೇ ವಿನಾ ಒಲೆ ಹತ್ತಲಿಲ್ಲ. ಸಿಲಿಂಡರು ಆ ಕ್ಷಣಕ್ಕೆ ಸರಿಯಾಗಿ ಖಾಲಿಯಾಗಿತ್ತು. ದಾರ್ಮುಜಿಗೆ ಅದು ತಿಳಿಯಿತು, ತಿಯುರ್ಮಾಗೆ ತಿಳಿಯಿತು. ಉಳಿದ ನಲವತ್ತೆರಡು ಮನೆಯವರಿಗೆ ತಿಳಿದದ್ದು ಬೇರೆಯೇ.

"ಕೊಂದುಬಿಟ್ರಲ್ಲ ನನ್ನ ಒಲೇನ," ಎಂದಳು ಬು ಸುಪಿಯಾ. ದನಿ ಮೆಲ್ಲಗಿತ್ತು, ಅದಕ್ಕೇ ಎಲ್ಲರಿಗೂ ಕೇಳಿಸಿತು. "ನಾಳೆ ಮಗಳ ಮದುವೆ."

"ಬು, ಸಿಲಿಂಡರ್ ಖಾಲಿಯಾಗಿದೆ," ಎಂದ ದಾರ್ಮುಜಿ.

"ಬಕೆಟ್ ಸುರಿಯೋ ತನಕ ಉರೀತಿತ್ತು. ಸುರಿದ ಮೇಲೆ ಖಾಲಿಯಾಯ್ತಾ?"

ಪಾಕ್ ಕಸ್ತೂರಿ ಪಟ್ಟಿಯ ಹಿಂಬದಿಯಲ್ಲಿ ಆಗಲೇ ಲೆಕ್ಕ ಹಾಕುತ್ತಿದ್ದ. "ಒಂದು ಒಲೆಗೆ ಒಂದು ಬಕೆಟ್. ಇಪ್ಪತ್ತು ಟನ್ನಿಗೆ ಎಷ್ಟು ಬಕೆಟ್ಟು? ನಮ್ಮ ಬೀದಿ ಇರ್ಲಿ, ಸೋಲೊ ಪಟ್ಟಣದ ತನಕ ಒಂದು ಒಲೆ ಉಳಿಯಲ್ಲ." ತಲೆಯೆತ್ತಿ ಟ್ಯಾಂಕನ್ನು ಮೇಲಿನಿಂದ ಕೆಳತನಕ ನೋಡಿದ. "ಒಂಬತ್ತು ದಿನದಿಂದ ಯಾಕೆ ಗ್ಯಾಸಿಲ್ಲ ಅಂತ ಈಗ ಗೊತ್ತಾಯ್ತು. ಈ ಟ್ಯಾಂಕು ಬಂದು ಎಷ್ಟು ದಿನ ಆಯ್ತು ಪಾಕ್?"

ಟ್ಯಾಂಕು ಬಂದು ಒಂಬತ್ತು ದಿನವಾಗಿತ್ತು. ದಾರ್ಮುಜಿಯ ಮುಖವೇ ಅದನ್ನು ಹೇಳಿತು.

ಜನ ಟ್ಯಾಂಕಿನ ಸುತ್ತ ಕಟ್ಟಿದ್ದ ಹಗ್ಗ ದಾಟಿ ಮುಂದೆ ಬಂದರು. ಹೊಡೆಯಲು ಯಾರೂ ಬರಲಿಲ್ಲ. ಕಾಲಿದುವುರಿನವರು ಹಾಗೆ ಮಾಡುವವರಲ್ಲ. ಮೆಲೊನುಗಳನ್ನು ಲಾರಿಯ ಚಕ್ರಗಳ ಸುತ್ತ ಒತ್ತೊತ್ತಾಗಿ ಜೋಡಿಸಿ, ಅವುಗಳ ಮೇಲೆ ಕೂತುಬಿಟ್ಟರು. ಪಾಕ್ ಕಸ್ತೂರಿ ಮೊಹರಿನ ಪೆಟ್ಟಿಗೆಯನ್ನು ತೋರಿಸಿ ಮತ್ತೆ ಜೇಬಿಗಿಟ್ಟ. "ಬೀದಿಯ ತಕರಾರಿಲ್ಲ ಅಂತ ಬೇಕಲ್ವಾ ನಿಮಗೆ? ತಕರಾರಿದೆ. ಈ ಟ್ಯಾಂಕು ಮುಚ್ಚೋ ತನಕ ಈ ಲಾರಿ ಹೋಗಲ್ಲ."

"ಇದನ್ನ ಅರ್ಧಕ್ಕೆ ನಿಲ್ಲಿಸೋಕೆ ಇದೇನು ಸೋಡಾ ಬಾಟಲೀನಾ?" ಎಂದಳು ತಿಯುರ್ಮಾ. "ದ್ರವ ಶುರುವಾಗಿದೆ. ಪಾಕ್ ದಾರ್ಮುಜಿ, ಮುಳ್ಳು ಎಷ್ಟಿದೆ? ಮುಳ್ಳು ಬಿಟ್ಟು ಎಲ್ಲಿ ನೋಡ್ತಿದ್ದೀರಿ?"

ದಾರ್ಮುಜಿ ನೋಡುತ್ತಿದ್ದದ್ದು ಸಾಲಿನಲ್ಲಿ ಮೂವತ್ತೆಂಟನೆಯ ಮೆಲೊನನ್ನು. ಅದರ ಮೇಲೆ ಕೂತಿದ್ದವಳು ತುಮಿಯೆಮ್. ತಿಯುರ್ಮಾ ಕೆಳಗಿಟ್ಟಿದ್ದ ಮೈಕನ್ನು ಅವನು ಎತ್ತಿಕೊಂಡ. ಮೈಕನ್ನು ಬಾಯಿಗೆ ಎಷ್ಟು ಹತ್ತಿರ ಹಿಡಿದನೆಂದರೆ ಮೊದಲ ಎರಡು ಮಾತು ಬರೀ ಕೀರಲು ಶಬ್ದವಾಗಿ ಹೋದವು.

"—ಇಪ್ಪತ್ತಾರು ವರ್ಷದಿಂದ ಈ ಗ್ಯಾಸನ್ನೇ ಕುಡೀತಾ ಬಂದಿದ್ದೀರಿ. ನಿಮ್ಮ ಮದುವೇಲಿ ಕುಡಿದ್ರಿ, ನಿಮ್ಮ ಮಕ್ಕಳ ಸುನ್ನತೀಲಿ ಕುಡಿದ್ರಿ, ಪಾಕ್ ಕಸ್ತೂರಿ ನೀವು ನಿವೃತ್ತಿ ದಿನ ಆರು ಬಾಟಲಿ ಕುಡಿದ್ರಿ, ನಾನೇ ತೆಗೆದು ಕೊಟ್ಟಿದ್ದೀನಿ. ಕುಡಿದು ತೇಗಿದ್ರಲ್ಲ, ಆ ತೇಗಿನಲ್ಲಿ ಬಂದದ್ದು ಇದೇ ಗ್ಯಾಸು. ಯಾರದಾದ್ರೂ ಒಲೆ ಆರಿತ್ತಾ?"

ಜನ ಒಂದು ಕ್ಷಣ ಯೋಚಿಸಿದರು. ಮಾತಿನಲ್ಲಿ ಹುರುಳಿದ್ದಂತೆ ಕಂಡಿತು. ಜೆಮಿಂಗಾನ್ ತಲೆಯಾಡಿಸಲು ಶುರುಮಾಡಿದ್ದ.

"ನಾನು ಯಾವತ್ತೂ ಒಲೆ ಮುಂದೆ ತೇಗಿಲ್ಲ," ಎಂದ ಪಾಕ್ ಕಸ್ತೂರಿ ಗಂಭೀರವಾಗಿ.

ತಲೆಗಳು ಮತ್ತೆ ಆ ಕಡೆ ವಾಲಿದವು. ಅಷ್ಟರಲ್ಲಿ ಜೆಮಿಂಗಾನನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟು, "ಹೌದು. ಇಲ್ಲ, ಅಂಗಡೀಲಿಲ್ಲ. ಲಿಮುನ್ ಕಾರ್ಖಾನೆ ಹತ್ರ ಇದ್ದೀನಿ. ಎಲ್ಲರೂ ಇಲ್ಲೇ ಇದ್ದಾರೆ. ಇಲ್ಲಿಗೇ ಬಾ," ಎಂದು ಇಟ್ಟುಬಿಟ್ಟ. ಯಾರ ಫೋನೆಂದು ಯಾರೂ ಕೇಳಲಿಲ್ಲ, ಗಲಾಟೆಯಲ್ಲಿ ಅವನೂ ಹೇಳಲಿಲ್ಲ.

ಐದು ನಿಮಿಷಕ್ಕೆ ಒಂದು ಸಣ್ಣ ಲಾರಿ ಗೇಟಿನೊಳಗೆ ಬಂತು. ಅದರ ಬೆನ್ನ ತುಂಬ ಹಸಿರು ಮೆಲೊನುಗಳು, ಒಂದೊಂದರ ಬಾಯಿಗೂ ಹೊಸ ಪ್ಲಾಸ್ಟಿಕ್ ಸೀಲು. ಹತ್ತನೇ ದಿನಕ್ಕೆ ಏಜೆನ್ಸಿಯ 'ನಾಳೆ' ಬಂದಿತ್ತು. ಚಾಲಕ ಇಳಿದು ನೋಡಿದ: ಖಾಲಿ ಸಿಲಿಂಡರುಗಳು ಸಾಲಾಗಿವೆ, ಜನ ಸರದಿಯಲ್ಲಿದ್ದಾರೆ, ಒಬ್ಬ ಮೀಸೆಯವನ ಕೈಯಲ್ಲಿ ಗುರುತಿನ ಸಂಖ್ಯೆ ಸಹಿತ ಪಟ್ಟಿಯಿದೆ. ಹದಿನೈದು ವರ್ಷದ ಸೇವೆಯಲ್ಲಿ ಇಷ್ಟು ಅಚ್ಚುಕಟ್ಟಾದ ಬೀದಿಯನ್ನು ಅವನು ಕಂಡಿರಲಿಲ್ಲ. "ಇಲ್ಲೇ ಇಳಿಸ್ತೀನಿ," ಎಂದ.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮದುವೆ ಮನೆಗೆ ಏಳು, ಮಸೀದಿಗೆ ಎರಡು, ಮಿಕ್ಕವರಿಗೆ ಒಂದೊಂದು. ಬು ಸುಪಿಯಾ ಮೊದಲ ಮೆಲೊನನ್ನು ಅಲ್ಲೇ ಒಲೆಗೆ ಜೋಡಿಸಿ ಹಚ್ಚಿದಳು. ಗೇಣುದ್ದ ನೀಲಿ ಜ್ವಾಲೆ ಭಗ್ಗೆಂದಿತು. ಆಕೆ ತಿಯುರ್ಮಾಳ ಕಡೆ ತಿರುಗಿದಳು.

"ಉರೀತಿದೆಯಲ್ಲ."

"ಇದು ಆ ಲಾರಿಯಿಂದ ಬಂದದ್ದು ಬು," ಎಂದಳು ತಿಯುರ್ಮಾ.

"ಲಾರಿ ಎಲ್ಲಿಗೆ ಬಂತು? ಕಾರ್ಖಾನೆಗೆ ತಾನೆ?"

"ಜೆಮಿಂಗಾನ್ ಹೇಳಿ ಕರೆಸಿದ್ದು," ಎಂದ ದಾರ್ಮುಜಿ, ಬಹುತೇಕ ಕೂಗಿ. "ಜೆಮಿಂಗಾನ್, ಹೇಳು ಇವರಿಗೆ. ನಿನ್ನ ಏಜೆನ್ಸಿಯದು."

ಜೆಮಿಂಗಾನ್ ಯೋಚಿಸಿದ. ಒಂಬತ್ತು ದಿನ ತನ್ನ ಅಂಗಡಿಗೆ ಬಾರದ ಲಾರಿ ಕಾರ್ಖಾನೆಯ ಅಂಗಳಕ್ಕೆ ಐದು ನಿಮಿಷದಲ್ಲಿ ಬಂದಿತ್ತು. "ನಾನು ಒಂಬತ್ತು ದಿನ ಫೋನ್ ಮಾಡಿದ್ದೀನಿ ಪಾಕ್," ಎಂದ. "ಬರಲಿಲ್ಲ. ಇಲ್ಲಿ ನಾವು ಚಕ್ರಕ್ಕೆ ಅಡ್ಡ ಕೂತ್ವಿ, ಬಂತು. ನಾನು ಏನಂತ ಹೇಳ್ಲಿ?"

"ಮೊದಲೇ ಕೊಟ್ಟಿದ್ರೆ ಇಷ್ಟೆಲ್ಲ ಬೇಕಿತ್ತಾ?" ಎಂದಳು ಬು ಸುಪಿಯಾ. ಸಿಟ್ಟು ಇಳಿದಿರಲಿಲ್ಲ, ಆದರೆ ಈಗ ಅದರಲ್ಲಿ ಗೆದ್ದವರ ದೊಡ್ಡಸ್ತಿಕೆ ಇತ್ತು. "ಬಕೆಟ್ ತಂದು ಆಟ ತೋರಿಸಿದ್ರಿ. ನಾವೇನು ಚಿಕ್ಕ ಮಕ್ಕಳಾ? ಹೋಗ್ಲಿ ಬಿಡಿ. ನಾಳೆ ಊಟಕ್ಕೆ ಬನ್ನಿ ಪಾಕ್, ಮನಸ್ಸಿನಲ್ಲಿ ಇಟ್ಕೋಬೇಡಿ. ನೀವೂ ಹೊಟ್ಟೆಪಾಡಿಗೆ ದುಡಿಯೋರು, ಮುಚ್ಚಿಡು ಅಂತ ಯಜಮಾನರು ಹೇಳಿದ್ರೆ ನೀವೇನು ಮಾಡ್ತೀರಿ."

"ನಾನು ಏನನ್ನೂ ಮುಚ್ಚಿಟ್ಟಿಲ್ಲ," ಎಂದ ದಾರ್ಮುಜಿ. ಮಾತು ಕೇಳುವುದಕ್ಕೆ ಅಲ್ಲಿ ಯಾರೂ ಉಳಿದಿರಲಿಲ್ಲ. ನಲವತ್ತಮೂರು ಮನೆಯವರು ತುಂಬಿದ ಮೆಲೊನುಗಳನ್ನು ಸೊಂಟಕ್ಕೆ, ಹೆಗಲಿಗೆ, ಸೈಕಲ್ಲಿಗೆ ಏರಿಸಿಕೊಂಡು ಹೊರಟಿದ್ದರು. ತುಮಿಯೆಮ್ ಗಂಡನ ಹತ್ತಿರ ಬಂದಾಗ ಒಂದು ಕ್ಷಣ ನಿಂತಳು.

"ಮೀನು ಕರೀತೀನಿ, ಬೇಗ ಬನ್ನಿ," ಎಂದಳು. ಹಿಂದಿನ ದಿನದಿಂದೀಚೆಗೆ ಆಡಿದ ಮೊದಲ ಮಾತು.

ಮಧ್ಯಾಹ್ನ ಎರಡರ ಹೊತ್ತಿಗೆ ಟ್ಯಾಂಕು ತುಂಬಿತು. ಒತ್ತಡ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ತಂಪು ಕಾಯುವ ಯಂತ್ರ ತಾನಾಗಿ ಓಡಿತು, ತಾನಾಗಿ ನಿಂತಿತು. ದಾರ್ಮುಜಿ ಬರೆದಿಟ್ಟ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ; ಅಷ್ಟೆಲ್ಲ ರಂಪದ ನಡುವೆ ಬರೀ ಒಂದು ಸಾಲು ಬಿಟ್ಟುಹೋಗಿತ್ತು. ತಿಯುರ್ಮಾ ಅದನ್ನು ನೋಡಿ ವರದಿಯ ಕೊನೆಯ ಹಾಳೆಯನ್ನು ಅವನ ಮುಂದಿಟ್ಟಳು. ಹೊಣೆಗಾರನ ಷರಾ ಎಂದು ಒಂದು ಖಾಲಿ ಜಾಗವಿತ್ತು. ಅದರ ಕೆಳಗೆ ಬೀದಿಯ ಮುಖಂಡನ ಮೊಹರಿಗೆ ಜಾಗ.

ದಾರ್ಮುಜಿ ಅಕ್ಷರ ಗುಂಡಗೆ ಬರೆದ: 'ಟ್ಯಾಂಕು ಸರಿಯಾಗಿ ಚಾಲೂ ಆಗಿದೆ. ಈ ಟ್ಯಾಂಕಿನಿಂದ ಅಡುಗೆ ಗ್ಯಾಸ್ ಬರುವುದಿಲ್ಲ.'

ಪಾಕ್ ಕಸ್ತೂರಿಯನ್ನು ಕರೆಸಿದರು. ಅವನು ಕನ್ನಡಕ ಹಾಕಿಕೊಂಡು ಓದಿದ. ಮೊದಲ ಸಾಲಿಗೆ ತಲೆದೂಗಿದ. ಎರಡನೆಯದರ ಮೇಲೆ ಬೆರಳಿಟ್ಟ.

"ಇದನ್ನ ಹೊಡೆದು ಹಾಕಿ."

"ಯಾಕೆ? ಅದು ಸತ್ಯ."

"ಇರಬಹುದು ಪಾಕ್. ನಾನು ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಇದಕ್ಕೆ ನಾನು ಮೊಹರು ಒತ್ತಿದ್ರೆ ಮುಂದಿನ ಸಲ ನಲವತ್ತಮೂರು ಮನೆಯವರು ಎಲ್ಲಿ ಹೋಗಿ ಕ್ಯೂ ನಿಲ್ಬೇಕು? ಮತ್ತೆ ಜೆಮಿಂಗಾನನ ಬಾಗಿಲಿಗಾ?"

"ಆದ್ರೆ ಗ್ಯಾಸು ಇದರಿಂದ ಬರೋದಿಲ್ಲ."

"ನಾವು ಬಂದು ನಿಂತ್ವಿ. ಬಂತು." ಪಾಕ್ ಕಸ್ತೂರಿ ಮೊಹರಿನ ಪೆಟ್ಟಿಗೆ ತೆರೆದು ಕಾದ. ಅವಸರವಿಲ್ಲದ ಮನುಷ್ಯ.

ದಾರ್ಮುಜಿ ತಿಯುರ್ಮಾಳ ಕಡೆ ನೋಡಿದ. ನೇರ ಮಾತಿನ ಹೆಂಗಸು, ಈಕೆಯಾದರೂ ನನ್ನ ಪರ ನಿಲ್ಲುತ್ತಾಳೆ ಎಂದು.

"ಹೊಡೆದು ಹಾಕಿ ಪಾಕ್," ಎಂದಳು ಆಕೆ ಚೀಲ ಹೆಗಲಿಗೇರಿಸುತ್ತ. "ನನಗೆ ಮೂರೂವರೆಗೆ ರೈಲು."

ದಾರ್ಮುಜಿ ಪೆನ್ನು ತೆಗೆದುಕೊಂಡ. ಕೆಳಗಿನ ಅಕ್ಷರ ಓದಲು ಬರುವಂತೆ ತೆಳ್ಳಗೆ ಒಂದೇ ಗೆರೆ ಎಳೆದ. ನಾಳೆ ಯಾರಾದರೂ ವಿದ್ಯಾವಂತರು ಬಂದು ನೋಡಿದರೆ ಗೊತ್ತಾಗಲಿ ಎಂದು. ಪಾಕ್ ಕಸ್ತೂರಿ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಸೊಟ್ಟಗಾಗಬಾರದೆಂದು ಎರಡು ಸಲ ಅಂದಾಜು ನೋಡಿ, ಮೊಹರನ್ನು ಆ ಗೆರೆಯ ಮೇಲೆಯೇ ಗಟ್ಟಿಯಾಗಿ ಒತ್ತಿದ.